ಒಳಗೆ ಬಾರದ ನೆಂಟ

ರಾಯಪುರಂ, ಚೆನ್ನೈ
ಆಗಸ್ಟ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗ ಸಂದೇಶನಿಗೆ,

ನಿನ್ನ ಅಮ್ಮನ ಮನಸಾರೆ ಆಶೀರ್ವಾದ. ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತಾ? ಹಡಗಿನ ಅಡುಗೆಯವನು ಈಗಲೂ ಸಾರಿಗೆ ಸಕ್ಕರೆ ಹಾಕುತ್ತಾನಾ, ಇಲ್ಲ ನೀನು ಜಗಳ ಮಾಡಿ ಬಿಡಿಸಿದೆಯಾ? ಮೊನ್ನೆ ಫೋನಿನಲ್ಲಿ ನಿನ್ನ ಸ್ವರ ಸೋತ ಹಾಗೆ ಕೇಳಿತು. ಸಿಗ್ನಲ್ ಸರಿಯಿಲ್ಲ ಅತ್ತೆ, ಅದಕ್ಕೆ ಹಾಗೆ ಅಂತ ಹರ್ಷಿಣಿ ಹೇಳಿದಳು. ಹೆತ್ತವಳಿಗೆ ಸಿಗ್ನಲ್ ಯಾವುದು, ಸೋತ ಸ್ವರ ಯಾವುದು ಅಂತ ಗೊತ್ತಾಗುವುದಿಲ್ಲವಾ? ನಾವೆಲ್ಲ ಸೌಖ್ಯ. ಅಪ್ಪ ಮಲ್ಪೆಯಲ್ಲೇ ಉಳಿದಿದ್ದಾರೆ. ಮಳೆಗಾಲದ ರಜೆ ಮುಗಿದು ಬೋಟು ನೀರಿಗಿಳಿದ ಮೇಲೆ ಅವರನ್ನು ಹಿಡಿದು ನಿಲ್ಲಿಸಲು ಯಾರಿಂದ ಆಗುತ್ತದೆ? ನಿನಗೆ ಅಂತ ಒಣ ಸಿಗಡಿ ಚಟ್ನಿ ಮಾಡಿಸಿ ಕಳಿಸಿದ್ದಾರೆ. ನಾಳೆ ಬೆಳಿಗ್ಗೆ ಏಜೆಂಟರ ಬೋಟು ನಿಮ್ಮ ಹಡಗಿಗೆ ತರಕಾರಿ ತರುತ್ತದಂತೆ. ಚಟ್ನಿಯ ಡಬ್ಬದ ಜೊತೆಗೇ ಈ ಕಾಗದ. ಬಾಯಿ ಬಿಟ್ಟರೆ ತುಳು, ಕಾಗದಕ್ಕೆ ಕೂತರೆ ಮಾತ್ರ ನನಗೆ ಶಾಲೆಯ ಕನ್ನಡವೇ ಬರುವುದು. ಓದಿ ನಗಬೇಡ.

ಹಡಗು ಹದಿನಾಲ್ಕಕ್ಕೆ ಚೆನ್ನೈ ಬಂದರಿನ ಒಳಗೆ ಬರುತ್ತದೆ ಅಂತ ನೀನು ಹೇಳಿದ್ದೇ ತಡ, ನಾವು ಟಿಕೆಟು ಮಾಡಿಸಿದ್ದು. ಸೀಮಂತದ ಊಟ ಉಂಡು ಹೋದವನು ನೀನು. ಈಗ ಪ್ರಾಪ್ತಿಗೆ ಎಂಟು ತಿಂಗಳು. ಹೆತ್ತ ಅಪ್ಪ ಒಮ್ಮೆಯೂ ಎತ್ತಿಕೊಳ್ಳದ ಮಗುವನ್ನು ಅವನ ಕೈಗೆ ಕೊಟ್ಟು ಬರಬೇಕು ಎಂಬುದೊಂದಕ್ಕೇ ನಮ್ಮ ಈ ಪ್ರವಾಸ. ಇಲ್ಲಿ ಬಂದು ನೋಡಿದರೆ ಒಳಗೆ ಜಾಗ ಖಾಲಿಯಿಲ್ಲ, ಹಡಗು ಹೊರಗೇ ಲಂಗರು ಹಾಕಿ ಕಾಯಬೇಕು, ಕೆಲಸದಲ್ಲಿರುವವರು ಯಾರೂ ಇಳಿಯುವ ಹಾಗಿಲ್ಲ ಎಂದರು. ಹೋಗಲಿ, ಜಯರಾಮ ಮಾವನ ಮನೆಯಾದರೂ ಇದೆಯಲ್ಲ. ನನ್ನ ತಮ್ಮನನ್ನು ನೀನು ಬಲ್ಲೆ. ದಿನವಿಡೀ ಟಿ. ನಗರದ ಸಸ್ಯಾಹಾರಿ ಹೋಟೆಲಿನಲ್ಲಿ ಇಡ್ಲಿ ಸಾಂಬಾರಿನ ಉಸ್ತುವಾರಿ ನೋಡುತ್ತಾನೆ, ಮನೆ ಮಾತ್ರ ತಾಜಾ ಮೀನು ಸಿಗುವ ರಾಯಪುರಂನಲ್ಲೇ ಆಗಬೇಕು ಅಂತ ಹಟ ಮಾಡಿ ಹಿಡಿದಿದ್ದಾನೆ. ಅವನ ಮಕ್ಕಳು ನಾನು ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತವೆ.

ನಿನ್ನೆ ಸ್ವಾತಂತ್ರ್ಯ ದಿನ. ಪರಊರಿನಲ್ಲಿ ನಿಂತು ಬಾವುಟ ಏರುವುದನ್ನು ನೋಡಿದ್ದು ನನಗೆ ಇದೇ ಮೊದಲು. ಬೀದಿಯ ತುದಿಯಲ್ಲಿ ಮೀನುಗಾರರ ಸಂಘದವರು ಕಂಬಕ್ಕೆ ಸುಣ್ಣ ಬಳಿದು ಕಾಗದದ ತೋರಣ ಕಟ್ಟಿದ್ದರು. ನಾನು ಜರಿಯಂಚಿನ ಸೀರೆ ಉಟ್ಟು ಮುಂದೆಯೇ ಹೋಗಿ ನಿಂತೆ, ನೆಂಟರಿಗೆ ನಾಚಿಕೆ ಯಾಕೆ? ಭಾಷಣದಲ್ಲಿ ನನಗೆ ತಿಳಿದದ್ದು ಸ್ವಾತಂತ್ರ್ಯಕ್ಕೆ ಅವರು ಹೇಳುವ ‘ಸುದಂದಿರಂ’ ಎಂಬ ಒಂದೇ ಮಾತು. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ‘ಎಂದ ಊರುಮ್ಮಾ?’ ಎಂದಳು. ಮಲ್ಪೆ ಎಂದೆ. ಅವಳಿಗೆ ಗೊತ್ತಾಗಲಿಲ್ಲ. ಕಡಲು ತೋರಿಸಿ, ನಮ್ಮಲ್ಲಿಯೂ ಇದೆ, ಆಚೆ ಕಡೆಗೆ ಅಂತ ಕೈಯಲ್ಲೇ ಹೇಳಿದೆ. ಮಗುವಿನ ಅಪ್ಪ ಎಲ್ಲಿ ಎಂದು ಕೇಳಿದಾಗಲೂ ಕಡಲನ್ನೇ ತೋರಿಸಿದೆ. ಅದು ಮಾತ್ರ ಅವಳಿಗೆ ಕೂಡಲೇ ಅರ್ಥವಾಯಿತು. ತನ್ನ ಪಾಲಿಗೆ ಬಂದ ಲಾಡನ್ನು ತಂದು ಪ್ರಾಪ್ತಿಯ ಕೈಯಲ್ಲಿಟ್ಟಳು. ಹಲ್ಲಿಲ್ಲದ ನಿನ್ನ ಮಗಳು ಅದನ್ನು ನೆಕ್ಕಿ ನನ್ನ ಸೀರೆಗೆಲ್ಲ ಒರೆಸಿದಳು.

ಬಾವುಟ ಬಿಚ್ಚಿಕೊಂಡು ಹೂವು ಉದುರಿದಾಗ ನೀನೇ ನೆನಪಾದೆ. ಶಾಲೆಯ ಬ್ಯಾಂಡಿನಲ್ಲಿ ಎಲ್ಲರೂ ಎಡಗಾಲು ಇಟ್ಟರೆ ನೀನು ಬಲಗಾಲು ಇಡುತ್ತಿದ್ದೆ, ಮಾಸ್ತರರು ನಿನ್ನನ್ನು ಕೊನೆಯ ಸಾಲಿಗೆ ತಳ್ಳಿದ್ದರು. ಆ ಹೊತ್ತಿಗೇ ನಿನ್ನ ಫೋನು ಬಂತಲ್ಲ. ನಿಮ್ಮ ಹಡಗಿನ ಹಿಂದೆ ಹಾರುವುದು ಅದನ್ನು ನೋಂದಾಯಿಸಿದ ಯಾವುದೋ ದೇಶದ ಬಾವುಟ, ನಮ್ಮದನ್ನು ಮೇಲೆ ಹಾರಿಸುವುದು ಬಂದ ಊರಿಗೆ ನೆಂಟರು ಕೊಡುವ ಮರ್ಯಾದೆಗೆ ಅಂತ ನೀನು ಹೇಳಿದೆ. ‘ನಮ್ಮ ದೇಶಕ್ಕೇ ನಾನು ನೆಂಟ ಅಮ್ಮಾ’ ಎಂದು ನಕ್ಕೆ. ನನಗೆ ನಗು ಬರಲಿಲ್ಲ. ನೆಂಟನಾದರೆ ಒಳಗೆ ಬಂದು ಕೂತು ಬೆಲ್ಲ ನೀರು ಕುಡಿದು ಹೋಗಬೇಕಲ್ಲ ಮಗಾ? ಅಂಗಳದ ಹೊರಗೇ ನಿಂತು ಹೋಗುವ ನೆಂಟನನ್ನು ನಾನು ಎಲ್ಲಿಯೂ ಕಂಡಿಲ್ಲ.

ಮಧ್ಯಾಹ್ನ ಮಾವನ ಹೋಟೆಲಿಗೆ ಹೋದೆವು. ರಜೆಯ ಜನವೋ ಜನ. ಕ್ಯಾರೆಟ್ ಹಾಕಿದ್ದು ಒಂದು, ಕೊತ್ತಂಬರಿ ಹಾಕಿದ್ದು ಒಂದು, ನಡುವೆ ಬಿಳಿಯದ್ದು, ಹೀಗೆ ಮೂರು ಬಣ್ಣದ ಇಡ್ಲಿ ಕೊಟ್ಟರು. ತಿಂದೆವು, ಇಡ್ಲಿ ಇಡ್ಲಿಯ ಹಾಗೇ ಇತ್ತು. ಹೊರಗೆ ಅಂಗಡಿ ಬೀದಿಯ ಜನಜಾತ್ರೆಯಲ್ಲೇ ಹರ್ಷಿಣಿ ಮಗುವಿಗೆ ಒಂದು ಹಳದಿ ಫ್ರಾಕು ತೆಗೆದಳು. ದೂರದಿಂದ ನಿನ್ನ ಕಣ್ಣಿಗೆ ಬೀಳಲಿ ಅಂತ, ಗೊಂಡೆ ಹೂವಿನಂಥ ಹಳದಿ.

ಆಮೇಲೆ ನಾನು ಮಾಡಿದ ಎಡವಟ್ಟು ನಿನಗೆ ಗೊತ್ತೇ ಇದೆ. ಸೂರ್ಯ ಮುಳುಗುವಾಗ ದಡದ ಕಲ್ಲುಗಳ ಹತ್ತಿರ ನಿಲ್ಲುತ್ತೇವೆ, ದುರ್ಬೀನು ಕೇಳಿ ತೆಗೆದುಕೊಂಡು ನೋಡು ಅಂತ ನಿನಗೆ ಹೇಳಿಸಿದವಳು ನಾನೇ. ಮದುವೆಯಾದಂದಿನಿಂದ ನಿನ್ನ ಅಪ್ಪನ ಬೋಟಿಗೆ ನಾನು ಕಾದದ್ದು ಆ ಹೊತ್ತಿನಲ್ಲೇ ಅಲ್ಲವಾ? ಮಲ್ಪೆಯಲ್ಲಿ ಸಂಜೆಯ ಬಿಸಿಲು ದಡದವರ ಮುಖಕ್ಕೇ ಬೀಳುತ್ತದೆ, ಯಾರ ಹೆಂಡತಿ ಯಾವ ಸೀರೆ ಉಟ್ಟು ನಿಂತಿದ್ದಾಳೆ ಅಂತ ಬೋಟಿನವರಿಗೆ ದೂರದಿಂದಲೇ ಕಾಣುತ್ತದೆ. ಇಲ್ಲಿ ಸೂರ್ಯ ನಮ್ಮ ಬೆನ್ನ ಹಿಂದೆ, ಕಟ್ಟಡಗಳ ಆಚೆಗೆ ಇಳಿದ. ನಿಮ್ಮ ಹಡಗು ಹೊನ್ನಿನ ಹಾಗೆ ಹೊಳೆಯುತ್ತಿತ್ತು. ನಾವು ಕಣ್ತುಂಬ ನೋಡಿ ಕೈ ಬೀಸಿದ್ದೇ ಬೀಸಿದ್ದು. ನಿನ್ನಿಂದ ಬಂದ ಮೆಸೇಜು: ‘ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ, ದಡವೆಲ್ಲ ಕಪ್ಪು, ಯಾರೂ ಕಾಣಲಿಲ್ಲ.’ ಹರ್ಷಿಣಿ ಮನೆಗೆ ಬಂದು ಆ ಹಳದಿ ಫ್ರಾಕನ್ನು ಒಗೆದು ಬೆಳಿಗ್ಗೆಗೆ ಅಂತ ಒಣಹಾಕಿದಳು. ನನ್ನನ್ನು ಎರಡು ಮಾತು ಅಂದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಇವತ್ತು ಬೆಳಗಾಗುವ ಮೊದಲೇ ಹೋಗಿ ನಿಂತೆವು. ಈಗ ಸೂರ್ಯ ನಿಮ್ಮ ಹಡಗಿನ ಹಿಂದಿನಿಂದ ಎದ್ದ. ಬಿಸಿಲೆಲ್ಲ ನಮ್ಮ ಮುಖಕ್ಕೆ. ನಮಗೆ ಹಡಗು ಬರೀ ಒಂದು ಕರಿ ಗೆರೆ, ಅದರಲ್ಲಿ ನೀನೆಲ್ಲಿ ಅಂತ ಹುಡುಕುವುದು? ಆದರೂ ‘ಹಳದಿ ಫ್ರಾಕು ಕಂಡಿತು, ನೋಡಿದೆ’ ಅಂತ ನಿನ್ನ ಮೆಸೇಜು ಬಂತಲ್ಲ, ಅಷ್ಟು ಸಾಕು. ಒಂದು ಸಂಜೆ ನಾವು ಕಂಡೆವು, ಒಂದು ಬೆಳಿಗ್ಗೆ ನೀನು ಕಂಡೆ. ಇಬ್ಬರಿಗೂ ಒಟ್ಟಿಗೆ ಕಾಣುವ ಹೊತ್ತು ಈ ಕಡಲಿಗೆ ಇಲ್ಲವೋ ಏನೋ.

ನಿನ್ನ ಕರಾರು ಇಲ್ಲಿಗೆ ಮುಗಿಯಿತು, ಬದಲಿ ಜನ ಬಂದಿದ್ದಾನೆ, ಆದರೂ ಕಂಪನಿಯವರು ಇನ್ನೂ ಮೂರು ತಿಂಗಳು ಇರು ಅನ್ನುತ್ತಿದ್ದಾರೆ ಅಂದೆಯಲ್ಲ. ಅದಕ್ಕೆ ಸಹಿ ಹಾಕುವ ಪತ್ರವೂ ನಾಳೆಯ ಬೋಟಿನಲ್ಲೇ ಬರುತ್ತದಂತೆ. ಹಾಕದಿದ್ದರೆ ಕೆಲಸ ಮುಗಿದವನೆಂದು ಇಳಿಯಲು ಬಿಡುತ್ತಾರಂತೆ. ನಿನ್ನ ಇಷ್ಟ ಮಗಾ. ದುಡಿಯುವವನಿಗೆ ತನ್ನ ಕಷ್ಟಸುಖ ಗೊತ್ತಿರುತ್ತದೆ. ನಮ್ಮ ಚಿಂತೆ ಮಾಡಬೇಡ. ಮಗು ಚೆನ್ನಾಗಿದೆ, ಹರ್ಷಿಣಿ ಧೈರ್ಯವಾಗಿದ್ದಾಳೆ. ನಾಡಿದ್ದು ನಮ್ಮ ರೈಲು.

ಹೊತ್ತಿಗೆ ಸರಿಯಾಗಿ ಉಣ್ಣು, ಕಡಲಮ್ಮ ನಿನ್ನನ್ನು ಕಾಪಾಡಲಿ. ಮಾವ ನಿನ್ನನ್ನು ಕೇಳಿದ್ದಾನೆ.

ಇಂತೀ ನಿನ್ನ ಅಮ್ಮ,
ಸರಸ

ಮರೆತ ಮಾತು: ಮೇಲೆ ‘ನಿನ್ನ ಇಷ್ಟ’ ಎಂದು ಬರೆಯುವಾಗ ಹರ್ಷಿಣಿ ಪಕ್ಕದಲ್ಲೇ ಕೂತಿದ್ದಳು, ಹಾಗೆ ಬರೆಯಿರಿ ಅಂದವಳೂ ಅವಳೇ. ಈಗ ಮಗುವನ್ನು ಮಲಗಿಸಲು ಒಳಗೆ ಹೋಗಿದ್ದಾಳೆ, ಬೇಗ ಬರೆದು ಮುಗಿಸುತ್ತೇನೆ. ಬೆಳಿಗ್ಗೆ ಅವಳು ಕಲ್ಲಿನ ಮೇಲೆ ಹತ್ತಿ ಪ್ರಾಪ್ತಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಫೋನು ನನ್ನ ಕೈಯಲ್ಲಿತ್ತು. ‘ನೋಡಿದೆ, ಡ್ಯೂಟಿಗೆ ಹೋಗುತ್ತೇನೆ’ ಅಂತ ನೀನು ಕಳಿಸಿದ್ದನ್ನು ನಾನು ಓದಿದೆ. ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಮಗುವನ್ನು ನನಗೆ ಕೊಡು ಎಂದರೆ ‘ಇರಿ ಅತ್ತೆ, ಅವರು ಇನ್ನೂ ನೋಡುತ್ತಿರಬಹುದು’ ಎಂದಳು. ನೀನು ಹೋಗಿ ಎಷ್ಟೋ ಹೊತ್ತಾದ ಮೇಲೂ ಅವಳು ಆ ಖಾಲಿ ಹಡಗಿಗೆ ನಿನ್ನ ಮಗಳನ್ನು ತೋರಿಸುತ್ತಲೇ ನಿಂತಿದ್ದಳು. ಸಹಿ ಹಾಕಬೇಡ ಸಂದೇಶ. ಅದೇ ಬೋಟಿನಲ್ಲಿ ಇಳಿದು ಬಾ.