ಎಡಗೈಯ ಗ್ಲೌಸ್ ಮೇಲೆ ಬರೆದದ್ದು

ಜೂನ್ 6, ಸಂಜೆ 5.40

ಇದೊಂದನ್ನು ಬರೆಯದೆಯೇ ಪುಸ್ತಕ ಮುಚ್ಚಲಿದ್ದೆ. ಪೆನ್ನಿಗೆ ಕ್ಯಾಪ್ ಕೂಡ ಹಾಕಿಯಾಗಿತ್ತು. ಎರಡನೇ ತಾರೀಕಿನ ಕೇಸಿನಲ್ಲಿ ರೋಗಿಯ ಮಗಳು ಮಾತ್ರೆಯ ವಿಷಯ ಹೇಳಿದ್ದಳು. ನನಗೇ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ.

ಉಳಿದದ್ದೆಲ್ಲ ಎಂದಿನಂತೆ. ಶಿಫ್ಟ್ ಮುಗಿಯಿತು. ಆಂಬ್ಯುಲೆನ್ಸಿನ ಸ್ಟ್ರೆಚರ್ ಒರೆಸಿದೆ, ಆಕ್ಸಿಜನ್ ಸಿಲಿಂಡರ್ ಬದಲಾಯಿಸಿದೆ, ಗ್ಲೌಸ್ ಡಬ್ಬಿ ತುಂಬಿಸಿದೆ. ಡಬ್ಬಿ ತುಂಬಿಸುವಾಗ ನೆನಪಾಯಿತು... ಅಲ್ಲ, ಸುಳ್ಳು. ನೆನಪಾದದ್ದು ಮಧ್ಯಾಹ್ನ, ಆಸ್ಪತ್ರೆಯ ಕಾರಿಡಾರಿನಲ್ಲಿ.

ಕ್ರಮವಾಗಿ ಬರೆಯುತ್ತೇನೆ. ಅಂದು ಬೆಳಿಗ್ಗೆ ಹತ್ತೂವರೆ. ಮೆಟ್ಟಿಲಿನಿಂದ ಜಾರಿ ಬಿದ್ದ ಹಿರಿಯರು, ಎಪ್ಪತ್ತರ ಆಸುಪಾಸು. ತಲೆಗೆ ಗಾಯ. ಚೆನ್ನಾಗಿಯೇ ಮಾತಾಡುತ್ತಿದ್ದರು, ಶರ್ಟು ಕತ್ತರಿಸಿದ್ದಕ್ಕೆ ನನ್ನ ಮೇಲೆ ರೇಗಿದರು ಕೂಡ. ಮಗಳು ಟೈಲರ್. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಆಂಬ್ಯುಲೆನ್ಸ್ ಹೊರಟ ಮೇಲೆ ಹೇಳಿದಳು: "ಅಪ್ಪ ಹಾರ್ಟಿಗೆ ಅಂತ ರಕ್ತ ತೆಳ್ಳಗಾಗೋ ಮಾತ್ರೆ ತಗೋತಾರೆ ಮೇಡಂ." ಎಡಗೈಯ ಗ್ಲೌಸ್ ಮೇಲೆ ಬರೆದುಕೊಂಡೆ. ನಮ್ಮಲ್ಲಿ ಎಲ್ಲರ ರೂಢಿ ಅದು. ಬಿಪಿ, ಪಲ್ಸ್ ಮಾನಿಟರಿನಲ್ಲಿರುತ್ತವೆ, ಬೇರೆಲ್ಲ ಕೈ ಮೇಲೆ.

ಆಸ್ಪತ್ರೆಯ ಬಾಗಿಲಲ್ಲಿ ಬ್ಯಾಂಡೇಜ್ ಒದ್ದೆಯಾಗಿತ್ತು. ಎಡಗೈಯಲ್ಲಿ ಒತ್ತಿ ಹಿಡಿದೆ. ಗ್ಲೌಸ್ ಪೂರ್ತಿ ರಕ್ತ. ಕಿತ್ತು ಬಕೆಟ್ಟಿಗೆ ಎಸೆದೆ, ಹೊಸದು ಹಾಕಿಕೊಂಡೆ. ಡಾಕ್ಟರಿಗೆ ಕೇಸ್ ಒಪ್ಪಿಸಿದ್ದು ಮಾನಿಟರ್ ನೋಡಿಕೊಂಡು. ಮೂವತ್ತು ಸೆಕೆಂಡು. ಬಹಳ ಅಚ್ಚುಕಟ್ಟು. ಆಮೇಲೆ ಫಾರ್ಮಿನಲ್ಲಿ "ಸೇವಿಸುತ್ತಿರುವ ಔಷಧಿ" ಎಂಬಲ್ಲಿ "ತಿಳಿದುಬಂದಿಲ್ಲ" ಎಂದು ಟಿಕ್.

ಆಮೇಲಿನದು ಇವತ್ತು ನರ್ಸ್ ಹೇಳಿ ತಿಳಿದದ್ದು. ಎರಡು ಗಂಟೆಯ ನಂತರ ತಲೆಯೊಳಗೆ ರಕ್ತಸ್ರಾವ ಹೆಚ್ಚಿತು. ಅದು ಯಾಕೆ ನಿಲ್ಲುತ್ತಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಫಾರ್ಮ್ ನಂಬಿ, ಹೊರಗೆ ಕೂತಿದ್ದ ಮಗಳನ್ನು ಯಾರೂ ಮತ್ತೆ ಕೇಳಲಿಲ್ಲ. ಕೊನೆಗೆ ಅವರ ಹಳೆಯ ಕ್ಲಿನಿಕ್ಕಿಗೆ ಫೋನ್ ಮಾಡಿ ಮಾತ್ರೆಯ ವಿಷಯ ತಿಳಿದುಕೊಂಡರು. ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ತಡವಾಗಿ ಕೊಟ್ಟರು. ಬದುಕಿದ್ದಾರೆ. ಬಲಗೈ ಏಳುತ್ತಿಲ್ಲ. ಮಾತು ತುಂಡು ತುಂಡು.

ಇವತ್ತು ಕಾರಿಡಾರಿನಲ್ಲಿ ಟೈಲರ್ ನನ್ನನ್ನು ಗುರುತು ಹಿಡಿದಳು.

"ಮೇಡಂ, ನಾನು ಆವತ್ತು ಮಾತ್ರೆ ವಿಷಯ ಹೇಳಿದ್ನಾ? ನಂಗೇನೋ ಹೇಳ್ದ ಹಾಗಿದೆ. ಅಣ್ಣ ಹೇಳ್ತಾನೆ, ನೀನು ಬಾಯೇ ಬಿಟ್ಟಿಲ್ಲ, ಫಾರ್ಮಲ್ಲಿ ಬರೆದಿದೆಯಲ್ಲ ಅಂತ."

"ಆ ಗಾಬರೀಲಿ ಯಾರಿಗೂ ಏನೂ ನೆನಪಿರಲ್ಲಮ್ಮ," ಎಂದೆ.

ಎಷ್ಟು ಮೆತ್ತಗಿತ್ತು ನನ್ನ ದನಿ. ಹದಿನೆಂಟು ವರ್ಷ ಕಷ್ಟಪಟ್ಟು ಕಲಿತ ದನಿ. ಅವಳು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ ಹೋದಳು. ಥ್ಯಾಂಕ್ಸ್!

ಜೂನ್ 8, ಬೆಳಿಗ್ಗೆ 7.15

ಗಾಡಿಯ ಚೆಕ್‌ಲಿಸ್ಟ್ ಮುಗಿಸಿ ಭಾವನಿಗೆ ಹೇಳಿದೆ. ಭಾವ ಎಂದರೆ ನಮ್ಮ ಡ್ರೈವರ್. ಯಾರಿಗೂ ಭಾವ ಅಲ್ಲ, ಎಲ್ಲರ ಕಾಲೆಳೆಯುತ್ತಾನೆಂದು ಆ ಹೆಸರು. ಇವತ್ತು ಕಾಲೆಳೆಯಲಿಲ್ಲ.

"ನಂಗೂ ಕೇಳ್ಸಿತ್ತು," ಅಂದ. "ನನ್ನ ಸೀಟಿನ ಹಿಂದಿನ ಕಿಟಕಿ ತೆಗ್ದೇ ಇತ್ತಲ್ಲ."

"ಮತ್ತೆ ನೀನ್ಯಾಕೆ..."

"ನೀವು ಫಾರ್ಮಲ್ಲಿ ಬರೀತೀರಿ ಅಂದ್ಕೊಂಡೆ. ನಿಮಗೆ ನಾನು ಹೇಳ್ಕೊಡೋದಾ? ನೀವು ತಾನೇ ಎಲ್ರಿಗೂ ಪಾಠ ಮಾಡೋರು."

ಸ್ಟ್ರೆಚರಿನ ಪಕ್ಕದಲ್ಲೇ ನಿಂತಿದ್ದ ಭಾವ, ಕೇಸ್ ಒಪ್ಪಿಸುವಾಗ. ಒಂದು ಮಾತು ಸೇರಿಸಬಹುದಿತ್ತು. ಸೇರಿಸಲಿಲ್ಲ, ನನ್ನ ಮೇಲಿನ ನಂಬಿಕೆಯಿಂದ. ಮಧ್ಯೆ ಬಾಯಿ ಹಾಕಿದವರನ್ನು ನಾನು ಒಮ್ಮೆ ನೋಡಿದರೆ ಸಾಕು, ಸುಮ್ಮನಾಗುತ್ತಾರೆ. ಆ ನೋಟದ ಬಗ್ಗೆ ನನಗೆ ಹೆಮ್ಮೆಯಿತ್ತು.

ಜೂನ್ 9

ಸೂಪರ್‌ವೈಸರ್ ಮುಂದೆ ಕುಳಿತು ಹೇಳಿದೆ. ಅವರು ಪೆನ್ನು ತಿರುಗಿಸುತ್ತಾ ಕೇಳಿದರು.

"ಯಾರಾದ್ರೂ ದೂರು ಕೊಟ್ಟಿದಾರಾ?"

"ಇಲ್ಲ."

"ಮತ್ತೆ? ಮೈಮೇಲೆ ಯಾಕೆ ಎಳ್ಕೋತೀರಿ? ಮುಂದಿನ ತಿಂಗಳಿಂದ ಟ್ರೇನರ್ ಮಾಡೋಣ ಅಂತ ನಾನೇ ಬರ್ದಿದೀನಿ. ಈ ಹದಿಮೂರಕ್ಕೆ ಹೊಸ ಬ್ಯಾಚಿಗೆ ಮೊದಲ ಕ್ಲಾಸ್ ನಿಮ್ಮದೇ. ವಿಷಯ ಗೊತ್ತಲ್ಲ? ಕಮ್ಯುನಿಕೇಶನ್."

ನಗು ಬರಬೇಕಿತ್ತು.

ಹಳೆಯ ಫಾರ್ಮ್ ತೆಗೆಸಿದೆ. ಅಲ್ಲಿದ್ದ ಟಿಕ್ ಅಳಿಸಲಿಲ್ಲ. ಕೆಳಗೆ ಇವತ್ತಿನ ದಿನಾಂಕ, ಹೊತ್ತು ಹಾಕಿ ಬರೆದೆ: ರೋಗಿಯ ಮಗಳು ಮಾತ್ರೆಯ ವಿಷಯ ನನಗೆ ತಿಳಿಸಿದ್ದರು, ನಾನು ಡಾಕ್ಟರಿಗೆ ತಿಳಿಸಲಿಲ್ಲ. ಸಹಿ. ಸೂಪರ್‌ವೈಸರ್ ಅದನ್ನು ಓದಿ ಉಸಿರು ಬಿಟ್ಟರು. ಇನ್ನು ವಿಚಾರಣೆ ಆಗಲೇಬೇಕಂತೆ. ಜುಲೈ ಹದಿನೈದಕ್ಕೆ. ಅಲ್ಲಿಯವರೆಗೆ ರೋಗಿಯ ಮನೆಯವರ ಹತ್ತಿರ ಏನೂ ಮಾತಾಡಬಾರದಂತೆ.

ಸರಿ ಎಂದೆ. ಯಾಕೆ ಹಾಗೆಂದೆ?

ಜೂನ್ 13, ಸಂಜೆ

ಕ್ಲಾಸ್ ಆಯಿತು. ಹನ್ನೆರಡು ಜನ. ಸ್ಲೈಡ್ ತೋರಿಸಲಿಲ್ಲ. ಜೋಡಿ ಜೋಡಿಯಾಗಿ ನಿಲ್ಲಿಸಿದೆ. ಒಬ್ಬರು ಕೇಸ್ ಒಪ್ಪಿಸಬೇಕು, ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಅಷ್ಟು ಹೊತ್ತು ಯಾರೂ ರೋಗಿಯನ್ನು ಎತ್ತಬಾರದು, ಸರಿಸಬಾರದು. ಕೊನೆಗೆ ಡ್ರೈವರನ್ನೂ ಮನೆಯವರನ್ನೂ ಕೇಳಬೇಕು: ನಾನು ಏನಾದರೂ ಬಿಟ್ಟೆನಾ?

ಮೊದಲು ಲಾರಿ ಓಡಿಸುತ್ತಿದ್ದ ಒಬ್ಬ ದಪ್ಪ ಮೀಸೆಯವನು ಕೈ ಎತ್ತಿದ. "ಮೇಡಂ, ಇದು ನಮ್ಮನೇಲಿ ದಿನಾ ಆಗುತ್ತೆ. ನಾನು ಒಂದು ಹೇಳಿದ್ರೆ ನನ್ನ ಹೆಂಡ್ತಿ ಅದನ್ನೇ ತಿರುಗಿಸಿ ಹೇಳ್ತಾಳೆ. ಆದ್ರೆ ಅವರಮ್ಮಂಗೆ."

ಎಲ್ಲರೂ ನಕ್ಕರು, ನಾನೂ.

ಆಮೇಲೆ ಎಲ್ಲರ ಪ್ಯಾಂಟಿನ ತೊಡೆಯ ಮೇಲೆ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಲು ಹೇಳಿದೆ. ಬರೆದುಕೊಳ್ಳುವುದು ಇನ್ನು ಅದರ ಮೇಲೆ. ಗ್ಲೌಸ್ ಮೇಲೆ ಯಾಕೆ ಬೇಡ ಎಂದು ಕಥೆ ಹೇಳಿದೆ. "ಒಬ್ಬ ಸಿಬ್ಬಂದಿ ಇದ್ದರು" ಎಂದು ಶುರು ಮಾಡಿದೆ. ಒಬ್ಬ ಸಿಬ್ಬಂದಿ! ಕಥೆ ಚೆನ್ನಾಗಿಯೇ ಬಂತು.

ಹಿಂದಿನ ಸಾಲಿನ ಹೆಂಗಸು, ಮೊದಲು ನರ್ಸರಿ ಶಾಲೆಯಲ್ಲಿ ಟೀಚರಾಗಿದ್ದವಳು, ಕೇಳಿದಳು: "ಆಮೇಲೆ ಅವರು ಆ ಮಗಳಿಗೆ ಹೇಳಿದ್ರಾ ಮೇಡಂ?"

"ವಿಚಾರಣೆ ನಡೀತಿದೆ."

"ಅಲ್ಲ, ಮಗಳಿಗೆ?"

ನೀರು ಕುಡಿದೆ. ಟೀ ಬ್ರೇಕ್ ಎಂದೆ.

ಜೂನ್ 14

ನನ್ನ ಮಗಳು ಕಾಲೇಜಿನಿಂದ ಬಂದವಳು ನಾಳೆಯ ಕೆಲಸಗಳ ಪಟ್ಟಿ ಹೇಳಿದಳು. ನಾನು ಒಂದೊಂದನ್ನೇ ತಿರುಗಿ ಹೇಳಿದೆ. ಹಣೆ ಚಚ್ಚಿಕೊಂಡಳು. "ಅಮ್ಮಾ, ನಾನು ಪೇಶೆಂಟ್ ಅಲ್ಲ!" ಸ್ವಲ್ಪ ಹೊತ್ತು ಬಿಟ್ಟು ಬಂದು ಪಕ್ಕ ಕೂತಳು. "ಏನಾಗಿದೆ ನಿಂಗೆ? ಒಂದು ವಾರದಿಂದ ಕೇಳಿದ್ದಕ್ಕೆಲ್ಲ ಹ್ಞೂಂ, ಹ್ಞೂಂ ಅಂತೀಯ ಅಷ್ಟೇ."

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, "ನಾನು" ಎಂದೇ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಅದು ಒಳ್ಳೆಯದಾಯಿತು.

ಜೂನ್ 19, ಮಧ್ಯಾಹ್ನ 1.20

ಗಾಡಿಯೊಳಗೆ ಕುಳಿತು ಬರೆಯುತ್ತಿದ್ದೇನೆ.

ಒಂದು ಕೇಸ್ ಇಳಿಸಿ, ಭಾವನಿಗೆ ಹತ್ತು ನಿಮಿಷ ಎಂದು ಹೇಳಿ ಮೇಲಿನ ವಾರ್ಡಿಗೆ ಹೋದೆ. ಯಾರೂ ಕಳಿಸಲಿಲ್ಲ. ಐದನೇ ಬೆಡ್. ಟೈಲರ್ ಅಪ್ಪನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅಣ್ಣ ಕಿಟಕಿಯ ಹತ್ತಿರ ನಿಂತಿದ್ದ. ಅಪ್ಪ ಏನೋ ಹೇಳಲು ಹೊರಟರು. "ನೀ... ನೀ..." ಅಷ್ಟೇ ಬರುತ್ತಿತ್ತು. ನೀರೋ, ನೀನೋ, ಅವಳಿಗೆ ತಿಳಿಯಲಿಲ್ಲ.

"ಈಗ ಕೇಳು, ಎರಡೆರಡು ಸಲ ಕೇಳು," ಅಣ್ಣ ಅಂದ. "ಹೇಳ್ಬೇಕಾದಾಗ ನಿನ್ನ ಬಾಯಿ ಎಲ್ಲಿ ಹೋಗಿತ್ತೋ."

ಅವಳು ಅಪ್ಪನ ಗಲ್ಲ ಒರೆಸಿದಳು. ಅದನ್ನು ದಿನಾ ಕೇಳಿ ರೂಢಿಯಾದವಳ ಹಾಗೆ.

"ಹೇಳಿದ್ರು," ಎಂದೆ.

ಇಬ್ಬರೂ ತಿರುಗಿದರು.

"ನಿಮ್ಮ ತಂಗಿ ಹೇಳಿದ್ರು. ಗಾಡಿ ಹೊರಟು ಐದು ನಿಮಿಷಕ್ಕೆ ಹೇಳಿದ್ರು. ನಾನು ಬರ್ಕೊಂಡೆ. ಡಾಕ್ಟರಿಗೆ ಹೇಳ್ದೇ ಇದ್ದದ್ದು ನಾನು. ಫಾರ್ಮಲ್ಲಿ ತಪ್ಪಾಗಿ ಬರೆದಿದ್ದೂ ನಾನೇ."

ಆ ಮೆತ್ತನೆಯ ದನಿ ಬರಲಿಲ್ಲ. ಒರಟಾಗಿ ಬಂತು.

ಟೈಲರ್ ಚಮಚ ಕೆಳಗಿಟ್ಟಳು. "ಆವತ್ತು ನಾನು ಕೇಳ್ದಾಗ..."

"ಗೊತ್ತಿತ್ತು. ಆವಾಗ್ಲೂ ಗೊತ್ತಿತ್ತು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವಳು ನನ್ನ ಕಡೆ ನೋಡಲೇ ಇಲ್ಲ, ಅಣ್ಣನನ್ನೇ ನೋಡುತ್ತಿದ್ದಳು. "ಕೇಳ್ಸಿತಾ?" ಅಂದಳು. ಅಷ್ಟೇ.

ಅಣ್ಣನ ಮುಖ ಕೆಂಪಾಯಿತು. "ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ಬರ್ದು ಕೊಡ್ತೀರಾ?"

"ಕೊಡ್ತೀನಿ."

"ಕೈಗೆ ಬೇಡ. ರಿಜಿಸ್ಟರ್ಡ್ ಪೋಸ್ಟಲ್ಲಿ ಬರ್ಲಿ, ಇವಳ ಹೆಸರಿಗೆ. ನಾಳೆ ಇಲ್ಲ ಅನ್ನೋ ಹಾಗಿರಬಾರದು."

"ಇವರ ಹೆಸರಿಗೇ ಬರುತ್ತೆ."

ವಾರ್ಡಿನ ಡಾಕ್ಟರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ, ಆಗಲೇ ಗೊತ್ತಾಗಿದ್ದರೆ ಕೈ ಉಳಿಯುತ್ತಿತ್ತಾ? "ಹೇಳೋಕಾಗಲ್ಲ," ಅಂದರು. "ಎರಡು ಗಂಟೆ ಉಳೀತಿತ್ತು, ಅದು ಮಾತ್ರ ನಿಜ."

ಅದನ್ನೂ ಕಾಗದದಲ್ಲಿ ಬರೆಯಬೇಕು.

ಜೂನ್ 19, ಸಂಜೆ 6.30

ಸೂಪರ್‌ವೈಸರಿಗೆ ನಾನೇ ಫೋನ್ ಮಾಡಿದೆ. ಅವರು ಕೂಗಲಿಲ್ಲ. ಸುಸ್ತಾದವರ ಹಾಗೆ ಮಾತಾಡಿದರು. "ಆಡಿದ ಮಾತು ಹೇಗೋ ಸಂಭಾಳಿಸ್ಬಹುದು. ಕಾಗದ ಕೊಟ್ರೆ ಟ್ರೇನರ್ ಕೆಲಸ ಮರೆತುಬಿಡಿ. ವಿಚಾರಣೆ ಮುಗೀಲಿ, ಆಮೇಲೆ ಕಳ್ಸಿ. ಇಪ್ಪತ್ತಾರು ದಿನ ತಾನೇ?"

ಆ ವಾರ್ಡಿನಲ್ಲಿ ಅವಳಿಗೆ ಇಪ್ಪತ್ತಾರು ದಿನ. ಚಮಚ ಹಿಡಿದುಕೊಂಡು, ಬೆನ್ನ ಹಿಂದೆ ಅಣ್ಣನ ಆ ಮಾತು ಕೇಳಿಸಿಕೊಂಡು.

"ಆಗಲ್ಲ ಸರ್. ಕಳಿಸಿದ ಮೇಲೆ ನಿಮಗೊಂದು ಪ್ರತಿ ಕೊಡ್ತೀನಿ."

ಮೊದಲು ಬರೆದ ಕಾಗದವನ್ನು ಭಾವನಿಗೆ ಓದಿ ಹೇಳಿದ್ದೆ. "ತಪ್ಪು ಸಂಭವಿಸಿದ್ದಕ್ಕೆ ವಿಷಾದವಿದೆ" ಎಂದೆಲ್ಲ ಇತ್ತು. "ಯಾರು ಯಾರಿಗೆ ಏನು ಮಾಡಿದ್ರು ಅಂತಲೇ ಗೊತ್ತಾಗಲ್ವಲ್ಲ," ಅಂದ. ಹರಿದು ಹಾಕಿದೆ. ಈಗಿನದು ಹನ್ನೊಂದು ಸಾಲು. ನೀವು ಹೇಳಿದ್ದಿರಿ. ನಾನು ಕೇಳಿಸಿಕೊಂಡೆ. ನಾನು ಮುಂದಕ್ಕೆ ಹೇಳಲಿಲ್ಲ. ಕಾರಿಡಾರಿನಲ್ಲಿ ನೀವು ಕೇಳಿದಾಗಲೂ ಹೇಳಲಿಲ್ಲ. ಎರಡು ಗಂಟೆ ಹೋಯಿತು. ಭಾವನೂ ಸಾಕ್ಷಿಗೆ ಸಹಿ ಹಾಕುತ್ತೇನೆ ಎಂದಿದ್ದಾನೆ. ಬೇಡವೆಂದೆ, ಕೇಳಲಿಲ್ಲ.

ಒಮ್ಮೆ ಗಟ್ಟಿಯಾಗಿ ಓದಿ ನೋಡಿದೆ. ಬಿಟ್ಟದ್ದು ಏನೂ ಇಲ್ಲ. ಕವರಿನ ಮೇಲೆ ಅವಳ ಹೆಸರು ಬರೆದೆ. ಕಾಗದದ ತಲೆಯಲ್ಲಿ ದಿನಾಂಕದ ಜಾಗ ಖಾಲಿ ಉಳಿದಿತ್ತು. ನಾಳೆ ಪೋಸ್ಟಾಫೀಸ್ ತೆರೆಯುವುದು ಒಂಬತ್ತಕ್ಕೆ, ನನ್ನ ಶಿಫ್ಟ್ ಹತ್ತಕ್ಕೆ. ನಾಳೆಯ ದಿನಾಂಕವನ್ನೇ ತುಂಬಿಸಿದೆ —

ಜೂನ್ 20