ಅಪ್ಪನಿಗೆ ಸಬ್‌ಟೈಟಲ್

ಡಿಸೆಂಬರ್ 11, ಮಧ್ಯಾಹ್ನ

ಮತ್ತೆ ಸೋಫಾ, ಮತ್ತೆ ರಿಮೋಟ್. ಅಪ್ಪನ ಮೇಲೆ ಎರಡು ಕಂಬಳಿ, ಕೊರಳಿಗೆ ಮಫ್ಲರ್, ಒಳಗೆ ನನ್ನ ಹಳೇ ಹಾಸ್ಟೆಲ್ ಸ್ವೆಟರ್. ಅದು ಅವರಿಗೆ ಸರಿಯಾಗಿ ಆಗುತ್ತಿದೆ. ಅದನ್ನೇ ನೋಡಲಾಗುತ್ತಿಲ್ಲ.

"ಚಳಿಗಾಲದಲ್ಲಿ ಮನೆಯಲ್ಲೇ ಕೂತು ಒಂದೇ ಏಟಿಗೆ ನೋಡಿ ಮುಗಿಸಬೇಕಾದ ಸೀರೀಸ್‌ಗಳು" ಅಂತ ಫೋನಿನಲ್ಲಿ ಒಂದು ಪಟ್ಟಿ ಸಿಕ್ಕಿತು. ಮೊದಲನೆಯದು ಪತ್ತೇದಾರಿ. ಟೀ ಆರುವ ಮೊದಲೇ ಅಪ್ಪ, "ತೋಟದವನೇ ಕೊಂದಿರೋದು, ಮುಂದಿನದು ಹಾಕು" ಅಂದರು. ಕದ್ದು ಕೊನೆಯ ಎಪಿಸೋಡ್ ನೋಡಿದೆ. ತೋಟದವನೇ! ಎರಡನೆಯದು ಅರಮನೆ ಕಥೆ. "ಇವರ್ಯಾರಿಗೂ ದುಡಿಮೆ ಗಿಡಿಮೆ ಇಲ್ವಾ? ಬರೀ ಬಟ್ಟೆ ಬದಲಾಯಿಸ್ತಾರೆ." ಮೂರನೆಯದರಲ್ಲಿ ಸತ್ತವರು ಎದ್ದು ಓಡಾಡುತ್ತಾರೆ. ನಾನೇ ಆಫ್ ಮಾಡಿದೆ.

ಇದು ನನ್ನ ಡ್ಯೂಟಿ. ಅಮ್ಮನಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಅಣ್ಣನಿಗೆ ಟೈರ್ ಅಂಗಡಿ. "ಲೇ ಹಾಸ್ಟೆಲ್ಲು, ಹೆಂಗೂ ರಜಾಕ್ಕೆ ಬಂದಿದ್ದೀಯ. ಅಪ್ಪ ಸೋಫಾ ಬಿಟ್ಟು ಏಳದ ಹಾಗೆ ನೋಡ್ಕೋ. ಅಷ್ಟು ಮಾಡು ಸಾಕು" ಅಂದ ಅಣ್ಣ.

ಬರೆದರೆ ಸಂಕಟ ಸಣ್ಣದಾಗುತ್ತದೋ ಏನೋ, ಬರೆದು ನೋಡುತ್ತೇನೆ. ಅಪ್ಪನ ಎದೆಯಲ್ಲಿ ಇರುವುದು ಅವರಿಗೆ ಹೇಳಿರುವ ಹಾಗೆ ನಂಜಲ್ಲ. ಕ್ಯಾನ್ಸರ್. ಹರಡಿದೆ. ಡಾಕ್ಟರ್ ಅಮ್ಮನಿಗೂ ಅಣ್ಣನಿಗೂ ಹೇಳಿದ್ದಾರೆ. ಅಪ್ಪನಿಗೆ ಮಾತ್ರ ಯಾರೂ ಹೇಳಿಲ್ಲ. "ಚಳಿ ಮುಗಿಯೋ ತನಕ ರೆಸ್ಟು, ಆಮೇಲೆ ಗಾಡಿ ಹತ್ತಬಹುದು" ಅಂತ ನಂಬಿಸಿದ್ದಾರೆ. ಗಾಡಿ ಅಂದರೆ ಲಾರಿ. ಎದುರಿನ ಖಾಲಿ ಜಾಗದಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಅದಕ್ಕೂ ರೆಸ್ಟು.

ಸಣ್ಣದಾಗಲಿಲ್ಲ.

ಡಿಸೆಂಬರ್ 13

ಸಿಕ್ಕಿತು!! ಪಟ್ಟಿಯ ಕೊನೆಯಲ್ಲಿತ್ತು. ಯಾವುದೋ ಬೆಟ್ಟದ ರಸ್ತೆ, ಹಿಮ ತಳ್ಳುವ ದೊಡ್ಡ ಲಾರಿಗಳು, ಅದರ ಡ್ರೈವರ್‌ಗಳು. ಮುಖ್ಯ ಪಾತ್ರ ಒಬ್ಬ ಮುದುಕ, ಮೀಸೆಯಲ್ಲಿ ಸದಾ ಹಿಮ. ರಿವ್ಯೂನಲ್ಲಿ "ಮನಸ್ಸಿಗೆ ಬೆಚ್ಚಗೆ" ಅಂತ ಬರೆದಿದ್ದರು. ಅಷ್ಟೇ ಓದಿ ಹಾಕಿದೆ.

ಅಪ್ಪ ಕಂಬಳಿ ಸರಿಸಿ ಎದ್ದು ಕೂತರು. "ಅಯ್ಯೋ ಅಯ್ಯೋ, ಇಳಿಜಾರಲ್ಲಿ ಕ್ಲಚ್ ಒತ್ತಿಬಿಟ್ಟ! ಎತ್ತಿನ ಗಾಡಿ ಹೊಡೆಯೋನನ್ನ ಕರಕೊಂಡು ಬಂದು ಕೂರಿಸಿದ್ದಾರೆ." ಮುದುಕ ಗಾಡಿ ತಿರುಗಿಸಿದಾಗ ಮಾತ್ರ ಸುಮ್ಮನಾದರು. "ಇವನು ಕಸುಬುದಾರ."

ಸಬ್‌ಟೈಟಲ್ ಬರೀ ಇಂಗ್ಲಿಷಿನಲ್ಲಿ. ಅಪ್ಪ ಓದುವುದು ಕನ್ನಡ ಒಂದೇ. ಯಾರಾದರೂ ಬಾಯಿ ತೆರೆದ ಕೂಡಲೇ ನನ್ನ ಕಡೆ ತಿರುಗಿ, "ಏನಂತೆ ಮೇಡಂ?" ನಾನು ಪಾಜ್ ಒತ್ತಿ, ನಿಲ್ಲಿಸಿ ಹೇಳಬೇಕು. ನನ್ನ ಕನ್ನಡವೋ ಹಾಸ್ಟೆಲ್ ಸಾರಿನ ಹಾಗೆ ನೀರು ನೀರು. "ಅಪ್ಪಾ, ಅವಲಾಂಚ್ ಅಂದ್ರೆ... ಹಿಮ ಎಲ್ಲ ಒಟ್ಟಿಗೆ... ಮೇಲಿಂದ..." "ಗುಡ್ಡದ ಹಿಮ ಜರೀತು ಅನ್ನು. ಅದಕ್ಯಾಕಿಷ್ಟು ಒದ್ದಾಟ?"

ನಾನು ಹಾಸ್ಟೆಲ್ಲಿನಲ್ಲಿ, ಅವರು ರಸ್ತೆಯಲ್ಲಿ. ಇಬ್ಬರೂ ಒಂದೇ ಸೂರಿನಡಿ ಇಷ್ಟು ಹೊತ್ತು ಕೂತದ್ದೇ ಇಲ್ಲ. "ಊಟ ಆಯ್ತಾ, ಚೆನ್ನಾಗಿ ಓದ್ತಿದ್ದೀಯಾ" ಬಿಟ್ಟು ಬೇರೆ ಮಾತು ಆಡಿದ್ದೂ ಇಲ್ಲ. ಇವತ್ತು ಟೈರ್‌ಗೆ ಚೈನ್ ಸುತ್ತುವುದು ಹೇಗೆ ಅಂತ ನನ್ನ ಸ್ಕಾರ್ಫ್ ತಗೊಂಡು ದಿಂಬಿಗೆ ಸುತ್ತಿ ತೋರಿಸಿದರು. ತುಂಬಾ... ಗೊತ್ತಿಲ್ಲ. ತುಂಬಾ ಖುಷಿಯಾಯಿತು. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಡಿಸೆಂಬರ್ 16, ಬೆಳಿಗ್ಗೆ

ನಿನ್ನೆ ಎಪಿಸೋಡಿನ ಮೇಲೆ ಎಪಿಸೋಡ್. ಅಮ್ಮ ಬಂದಾಗಲೂ ನಡೆದೇ ಇತ್ತು. "ರೀ, ಕಣ್ಣು ಕಿತ್ತು ಟಿವಿಗೆ ಅಂಟಿಸಿಬಿಡಿ." "ಸುಮ್ನಿರೇ, ಬ್ರೇಕ್ ಫೇಲ್ ಆಗಿದೆ ಇಲ್ಲಿ!" ಅಮ್ಮ ಅಡುಗೆಮನೆಯಲ್ಲಿ ನನ್ನ ತಲೆ ಸವರಿ, "ನಿನ್ನಿಂದ ಮನೇಲಿ ನಗು ಕೇಳಿಸ್ತಿದೆ ಕಣೇ" ಅಂದಳು. ಕಾಲೇಜಿನ ಪುಸ್ತಕ ಬ್ಯಾಗಿನಿಂದ ತೆಗೆದೇ ಇಲ್ಲ. ರಜೆ ಮುಗಿದ ಕೂಡಲೇ ಟೆಸ್ಟ್. ಅದರ ಭಯವೂ ಈಗ ಬೇರೆ ಯಾರದೋ ಭಯದ ಹಾಗಿದೆ.

ಡಿಸೆಂಬರ್ 16, ಸಂಜೆ

ತಪ್ಪು ಮಾಡಿದೆ. ತಪ್ಪೋ, ಅಲ್ಲವೋ...

ಮುದುಕನ ಹೆಂಡತಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದಾಳೆ. ಡಾಕ್ಟರ್ ಮಾತಾಡುತ್ತಾನೆ. ಕೆಳಗೆ ಬಿಳೀ ಅಕ್ಷರ: ಶ್ವಾಸಕೋಶ. ಹರಡಿದೆ. ಹಿಮ ಕರಗುವವರೆಗೆ ಇರಬಹುದು. ಹೆಂಡತಿ ಅನ್ನುತ್ತಾಳೆ, ಅವರಿಗೆ ಹೇಳಬೇಡಿ.

ಪಾಜ್ ಕೂಡ ಒತ್ತಲಿಲ್ಲ.

"ಏನಂತೆ ಮೇಡಂ?"

"ಅದು... ಲೈಸೆನ್ಸು ಅಪ್ಪಾ. ರಿನ್ಯೂ ಆಗಲ್ಲವಂತೆ. ಕಣ್ಣಿನ ಟೆಸ್ಟಲ್ಲಿ ಫೇಲ್."

"ಕಣ್ಣಾ? ಮೊನ್ನೆ ತಾನೇ ಅಷ್ಟು ದೂರದ ಜಿಂಕೆ ಕಂಡನಲ್ಲ!"

"ಈಗ ಕಾಣಲ್ಲವಂತೆ."

ತೆರೆಯ ಮೇಲೆ ಹೆಂಗಸು ಗೋಡೆಗೆ ಒರಗಿ ಅಳುತ್ತಿದ್ದಾಳೆ. ಲೈಸೆನ್ಸಿಗೆ ಯಾರು ಹೀಗೆ ಅಳುತ್ತಾರೆ, ಸಿಕ್ಕಿಬಿದ್ದೆ ಅಂದುಕೊಂಡೆ. ಅಪ್ಪ ಮಫ್ಲರ್ ಸರಿಮಾಡಿಕೊಂಡು ಹೇಳಿದರು. "ಪಾಪ. ಡ್ರೈವರ್‌ಗೆ ಲೈಸೆನ್ಸ್ ಹೋಯ್ತು ಅಂದ್ರೆ ಮನೇಲಿ ಹೆಣ ಬಿದ್ದ ಹಾಗೇನೇ. ಅಳದೆ ಇನ್ನೇನು ಮಾಡ್ತಾಳೆ."

ಡಿಸೆಂಬರ್ 18

ಒಂದು ಸುಳ್ಳಿಗೆ ಎಷ್ಟು ಮಕ್ಕಳು! ಮುದುಕ ಕೆಮ್ಮುತ್ತಾನೆ. ಶೀತ ಅಂದೆ. ಹೆಂಡತಿ ಮಾತ್ರೆ ಕೊಡುತ್ತಾಳೆ. ಕಣ್ಣಿಗೆ ವಿಟಮಿನ್ ಅಂದೆ. ಮಗ ಬಂದು ತಬ್ಬಿಕೊಂಡು ಬಿಕ್ಕುತ್ತಾನೆ. ಅವನ ಲೈಸೆನ್ಸೂ ಹೋಯಿತಾ ಅಂತ ಅಪ್ಪನೇ ಕೇಳಿದರು. ಹೂಂ ಅಂದುಬಿಟ್ಟೆ. "ಎಂಥ ಸರ್ಕಾರವೋ! ಒಂದೇ ಮನೆಯ ಮೇಲೆ ಹಗೆ."

ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಮುದುಕ ದಿನಾ ಗಾಡಿ ಹತ್ತುತ್ತಾನೆ. "ಲೈಸೆನ್ಸ್ ಇಲ್ದೆ ಹೆಂಗೆ ಓಡಿಸ್ತಾನೆ?" "ಅವರಿಗೆ ಗೊತ್ತಿಲ್ಲ ಅಪ್ಪಾ. ಮನೆಯವರು ಹೇಳಿಲ್ಲ." ಬಾಯಿಂದ ಬಿದ್ದಮೇಲೆ ಕೇಳಿಸಿತು ನಾನು ಏನಂದೆ ಅಂತ.

ಅಪ್ಪ ಟಿವಿ ಬಿಟ್ಟು ಕಿಟಕಿಯಾಚೆ ಟಾರ್ಪಾಲು ನೋಡಿದರು. "ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ ಅನ್ನು."

ಅಣ್ಣನಿಗೆ ಫೋನ್ ಮಾಡಿದೆ. ಹಿಂದೆ ಗಾಳಿ ತುಂಬುವ ಮೆಷಿನ್ ಸದ್ದು. "ಬೇರೆ ಸೀರೀಸ್ ಹಾಕೇ! ಪ್ರಪಂಚದಲ್ಲಿ ಅದೊಂದೇನಾ ಇರೋದು?" ಅಂದ. "ಅಣ್ಣಾ, ಹೇಳಿಬಿಡೋಣ್ವಾ?" ಅಂದೆ. ಗಾಳಿ ಮೆಷಿನ್ ನಿಂತಿತು. "ನೀನು ಹೇಳ್ತೀಯಾ? ಎದುರಿಗೆ ಕೂತು, ಮುಖ ನೋಡ್ಕೊಂಡು?"

ಫೋನ್ ಇಟ್ಟೆ.

ಇಂಟರ್‌ನೆಟ್ ಹೋಗಿದೆ ಅಂತ ವೈರ್ ಕಿತ್ತಿಟ್ಟೆ. ಅಪ್ಪ ಕೂತಲ್ಲಿಂದಲೇ ಸೋಫಾದ ಹಿಂದೆ ಕೈ ಹಾಕಿ ಅದನ್ನು ಮತ್ತೆ ಸಿಕ್ಕಿಸಿದರು. "ಕಾಲೇಜಿಗೆ ಹೋಗ್ತೀಯ, ವೈರ್ ಬಿಚ್ಕೊಂಡಿರೋದು ಕಾಣಲ್ವಾ?"

ಡಿಸೆಂಬರ್ 19

ಅಪ್ಪ ಅಣ್ಣನನ್ನು ಕೇಳಿದರು, "ಗಾಡಿ ಕೀಲಿ ಎಲ್ಲೋ?" "ಮೆಕ್ಯಾನಿಕ್ ಹತ್ರ. ಬ್ಯಾಟರಿ ಇಳಿದಿದೆ." ಅಣ್ಣ ಹೊರಟ ಮೇಲೆ ಅಪ್ಪ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಕೀಲಿ ತನ್ನ ಹತ್ರ ಇಲ್ಲ, ಬ್ಯಾಟರಿಗೂ ಏನೂ ಆಗಿಲ್ಲ ಅಂದನಂತೆ ಅವನು.

ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಆಸ್ಪತ್ರೇಲಿ ನನ್ನನ್ನ ಆ ಗೂಡೊಳಗೆ ಮಲಗಿಸಿ ಫೋಟೋ ತೆಗೆದ್ರಲ್ಲ, ಅದು ಲೈಸೆನ್ಸ್ ಆಫೀಸಿಗೆ ಹೋಗುತ್ತಾ?"

"ಇಲ್ಲಪ್ಪಾ! ಇಲ್ಲವೇ ಇಲ್ಲ!"

ಜಾಸ್ತಿ ಜೋರಾಗಿ ಹೇಳಿದೆ. ಅವರು ತಲೆ ಆಡಿಸಿದರು, ಗಾಡಿ ಚೆಕ್ ಮಾಡುವ ಪೊಲೀಸಿನವನಿಗೆ ಆಡಿಸುವ ಹಾಗೆ.

ಡಿಸೆಂಬರ್ 20

ಸ್ನಾನ ಮುಗಿಸಿ ಬಂದರೆ ಸೋಫಾ ಖಾಲಿ. ಕಂಬಳಿ ಮಡಿಸಿಟ್ಟಿದ್ದಾರೆ. ಬೂಟು ಇಲ್ಲ.

ಬೀದಿ ಪೂರ್ತಿ ಓಡಿದೆ. ಬಸ್ ಸ್ಟಾಪ್, ಪೆಟ್ರೋಲ್ ಬಂಕ್. ಲಾರಿ ಹಾಗೇ ನಿಂತಿದೆ. ಆಲಿಕಲ್ಲಿನ ಹಾಗೆ ಚುಚ್ಚುವ ತಣ್ಣನೆ ಮಳೆ ಸಣ್ಣಗೆ ಬೀಳುತ್ತಿತ್ತು. ಅಮ್ಮ ಬಂದಳು, ಅಣ್ಣ ಬಂದ, ಒಬ್ಬರಿಗೊಬ್ಬರು ಬೈದುಕೊಂಡೆವು. ಎಲ್ಲ ಮುಗಿದಮೇಲೆ ಅಪ್ಪ ಬಂದರು, ತೊಪ್ಪೆಯಾಗಿ ನೆಂದು, ತುಟಿ ನೀಲಿ. ಎರಡು ಬಸ್ ಬದಲಾಯಿಸಿ ಲೈಸೆನ್ಸ್ ಆಫೀಸಿಗೆ ಹೋಗಿ, ಬಾಗಿಲಾಚೆಯವರೆಗೂ ಇದ್ದ ಕ್ಯೂನಲ್ಲಿ ನಿಂತು ಬಂದಿದ್ದಾರೆ.

ಗುಮಾಸ್ತ ಕಂಪ್ಯೂಟರ್ ನೋಡಿ, "ನಿಮ್ಮದು ಚೊಕ್ಕವಾಗಿದೆ ಯಜಮಾನ್ರೇ, ಯಾರು ಹೇಳಿದ್ದು ಹೋಗಿದೆ ಅಂತ?" ಅಂದನಂತೆ.

ಅಮ್ಮ ಟವೆಲಿನಿಂದ ತಲೆ ಒರೆಸುತ್ತಿದ್ದಳು. ಅಪ್ಪ ಅವಳ ಕೈ ಹಿಡಿದು ನಿಲ್ಲಿಸಿದರು. ಕೋಪ ಇರಲಿಲ್ಲ. ನಿಜವಾಗಿ ಅರ್ಥವಾಗದವರ ದನಿ.

"ಲೈಸೆನ್ಸ್ ಸರಿಯಾಗಿದೆ. ಬ್ಯಾಟರಿ ಸರಿಯಾಗಿದೆ. ಮತ್ತೆ ಕೀಲಿ ಯಾಕೆ ಬಚ್ಚಿಟ್ಟಿದ್ದೀರಿ?"

ಉತ್ತರ ಗೊತ್ತಿದ್ದವರು ಮೂರು ಜನ ಇದ್ದೆವು.

ಡಿಸೆಂಬರ್ 27

ಬರೆಯಲಾಗಲಿಲ್ಲ. ಜ್ವರ, ಆಸ್ಪತ್ರೆ, ನ್ಯುಮೋನಿಯಾ. ನಿನ್ನೆ ಮನೆಗೆ ಕರೆತಂದೆವು. ಸೋಫಾ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್, ಗುರ್ ಗುರ್ ಅನ್ನುತ್ತದೆ. ಅಪ್ಪ ಅದಕ್ಕೆ "ಟ್ಯೂನಿಂಗ್ ಸರಿಯಿಲ್ಲ" ಅಂದರು. ಎರಡು ಪದಕ್ಕೆ ಒಮ್ಮೆ ಉಸಿರು.

ನನ್ನಿಂದಲೇ. ಅಮ್ಮ "ಅಲ್ಲ" ಅನ್ನುತ್ತಾಳೆ, ನನ್ನ ಮುಖ ನೋಡದೆ ಅನ್ನುತ್ತಾಳೆ. ಹೇಳಿದ್ದರೆ ಕ್ಯೂನಲ್ಲಿ ನಿಲ್ಲುತ್ತಿರಲಿಲ್ಲ. ಅಣ್ಣ ಟೈರ್ ಅಂಗಡಿಗೆ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದಾನೆ. "ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಕೇಳಿದ್ರು, ಇನ್ನೂ ಹೇಳಿಲ್ವಾ ಅಂತ. ಏನು ಹೇಳ್ಲಿ ಹೇಳು, ಹಾಸ್ಟೆಲ್ಲು?" ನನಗೇನು ಗೊತ್ತು. ನಾನು ಫಸ್ಟ್ ಇಯರ್.

ಡಿಸೆಂಬರ್ 29, ಮಧ್ಯಾಹ್ನ

ಅಮ್ಮ ಲಾಂಡ್ರಿಗೆ. ಅಣ್ಣ ಔಷಧಿ ತರಲು. ಅಪ್ಪ "ಹಾಕು" ಅಂದರು. ಕೊನೆಯ ಎಪಿಸೋಡ್ ಹಾಕಲು ಹೋದೆ. ಬೇಡ ಅಂದು ರಿಮೋಟ್ ಕಿತ್ತುಕೊಂಡು ತಾವೇ ಹಿಂದಕ್ಕೆ ಒತ್ತುತ್ತಾ ಹೋದರು. ಕಾರಿಡಾರ್. ಡಾಕ್ಟರ್. ಗೋಡೆಗೆ ಒರಗಿದ ಹೆಂಗಸು. ಅಲ್ಲಿ ನಿಲ್ಲಿಸಿದರು.

"ನೀನು ಬಾಯಿ ಬಿಡಬೇಡ. ಇವತ್ತು ನಾನು ಹೇಳ್ತೀನಿ. ತಪ್ಪಿದ್ರೆ ಮಾತ್ರ ಹೇಳು."

ಒಂದೊಂದು ಮಾತಿಗೂ ಪಾಜ್ ಒತ್ತಿ, ಉಸಿರು ತಗೊಂಡು, ಅವರೇ ಹೇಳಿದರು.

"ಮುದುಕನಿಗೆ ಕಾಯಿಲೆ... ಅಂತಿದ್ದಾನೆ ಡಾಕ್ಟರ್."

"ಎದೇಲಿ. ಇಲ್ನೋಡು, ಅವಳು ಎದೆ ಮುಟ್ಕೋತಾಳೆ."

"ವಾಸಿಯಾಗಲ್ಲ."

"ಅವನಿಗೆ ಹೇಳಬೇಡಿ... ಅಂತಿದ್ದಾಳೆ."

ಬಿಳೀ ಅಕ್ಷರ ಕೆಳಗೆ ಹಾದುಹೋಗುತ್ತಿತ್ತು. ಒಂದಾದರೂ ತಪ್ಪು ಸಿಗಲಿ ಅಂತ ಹುಡುಕಿದೆ. ಸಿಗಲಿಲ್ಲ. ಒಂದು ಪದವೂ ತಪ್ಪಿಲ್ಲ.

"ಸರಿ ತಾನೇ?"

ತಲೆ ಆಡಿಸಿದೆ. ಎಷ್ಟು ಆಡಿಸಿದೆನೋ.

"ಎಷ್ಟು ಟೈಮ್ ಅಂದ ಡಾಕ್ಟರ್? ಅದೊಂದು ಗೊತ್ತಾಗ್ಲಿಲ್ಲ."

"ಹಿಮ... ಹಿಮ ಕರಗೋವರೆಗೆ."

"ಅದು ಅವನಿಗೆ." ಉಸಿರು. "ನನಗೆ?"

ಮೆಷಿನ್ ಗುರ್ ಗುರ್. ನನಗೆ ಗೊತ್ತಿಲ್ಲ ಅಪ್ಪಾ ಅಂದೆ. ಅದೊಂದು ನಿಜ, ಅಮ್ಮನಿಗೆ, ಅಣ್ಣನಿಗೆ ಮಾತ್ರ ಹೇಳಿದ್ದರು, ನಾನು ಕೇಳಿರಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಅವರ ಕಂಬಳಿಯಲ್ಲಿ ಮುಖ ಹುದುಗಿಸಿ ಬಿಕ್ಕಿದೆ. ಬೆನ್ನು ತಟ್ಟಿದರು, ಲೋಡ್ ಗಟ್ಟಿಯಾಗಿದೆಯಾ ಅಂತ ನೋಡುವವರ ಹಾಗೆ.

"ಅಳಬೇಡ. ನಿನ್ನ ಕೈಲಿ ಯಾಕೆ ಈ ಕೆಲಸ ಕೊಟ್ಟರು? ಸಣ್ಣೋಳು." ಸ್ವಲ್ಪ ಹೊತ್ತು ಬಿಟ್ಟು, "ಕಣ್ಣು ಫೇಲ್ ಅಂತೆ! ಬುದ್ಧಿ ಎಲ್ಲಿಂದ ಹೊಳೀತೋ" ಅಂತ ನಕ್ಕರು. ನಗು ಕೆಮ್ಮಾಯಿತು, ನಿಲ್ಲಲು ತುಂಬಾ ಹೊತ್ತು ಹಿಡಿಯಿತು. ನಾನು ನೀರಿನ ಲೋಟ ಹಿಡಿದುಕೊಂಡು ನಿಂತಿದ್ದೆ. ಅಷ್ಟೇ. ಅದು ಬಿಟ್ಟು ಏನೂ ಮಾಡಲಾಗಲಿಲ್ಲ.

ಡಿಸೆಂಬರ್ 29, ಸಂಜೆ

ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಟೀ ಇಟ್ಟಿದ್ದೇನೆ.

ಅಪ್ಪ ಕೇಳಿದರು, "ನಿಮ್ಮಮ್ಮ ಇದನ್ನ ಎದೇಲಿಟ್ಕೊಂಡು ಎಷ್ಟು ದಿನದಿಂದ ಇಸ್ತ್ರಿ ಮಾಡ್ತಿದ್ದಾಳೆ?" ಆಮೇಲೆ ಕಣ್ಣು ಮುಚ್ಚಿಕೊಂಡು, "ನನಗೆ ಗೊತ್ತಾಗಿದೆ ಅಂದ್ರೆ ಕುಸಿದು ಬೀಳ್ತಾಳೆ. ಗೊತ್ತಿಲ್ಲದ ಹಾಗೇ ಇದ್ದುಬಿಡ್ಲಾ?"

ನನ್ನನ್ನು ಕೇಳುತ್ತಿದ್ದಾರೆ. ನನ್ನನ್ನು!

ಬೇಡ ಅಪ್ಪಾ, ಇನ್ನು ಸಾಕು ಅಂದೆ. ಹಾಗಾದರೆ ನೀನೇ ಹೇಳು, ನನಗೆ ಅಷ್ಟು ಉದ್ದ ಮಾತಾಡೋಕೆ ಉಸಿರಿಲ್ಲ ಅಂದರು.

ಹೊರಗೆ ಅಮ್ಮ. ಚಪ್ಪಲಿ ಬಿಡುತ್ತಾ ಕೇಳುತ್ತಿದ್ದಾಳೆ, "ಇವತ್ತು ಎಷ್ಟು ಎಪಿಸೋಡ್ ಆಯ್ತೇ?" ದನಿಯಲ್ಲಿ ನಗು ತರಿಸಿಕೊಂಡು. ಟೀ ಉಕ್ಕುತ್ತಿದೆ. ಹೋಗಬೇಕು. ಅಮ್ಮಾ, ಇಲ್ಲಿ ಕೂತ್ಕೋ ಅನ್ನಬೇಕು, ಆಮೇಲೆ...