ನಾಲ್ಕನೇ ಕಲ್ಲು

೨೪ ಫೆಬ್ರುವರಿ, ಮಂಗಳವಾರ. ಇಳಕಲ್ಲ.

ಮುಂಜಾನೆ ಮಲೇಶಿಯಾದ ಪೆನಾಂಗಿನಿಂದ ಟಿಯೋ ಅವರ ಫೋನ್ ಬಂತು. ಚೀನಾದವರ ಹೊಸ ವರ್ಷಕ್ಕಂತ, ನಮ್ಮ ಕಂಪನಿ ಗ್ರಾನೈಟ್ ಕೊಳ್ಳೋ ಮೂವರು ಚೀನೀ ವ್ಯಾಪಾರಿಗಳಿಗೂ ಕೆಂಪು ಕಲ್ಲಾಗ ಅವರವರ ಹೆಸರು ಕೊರಿಸಿ ಕಳಿಸಿದ್ದೆ. ನಮ್ಮೂರಾಗ ಬಾಗಲಕ್ಕ ಅಂಥ ಕಲ್ಲು ಹಚ್ಚೋದು ಮರ್ಯಾದಿ. ಟಿಯೋ ಅವರು ಗೋರಿಕಲ್ಲಿನ ವ್ಯಾಪಾರಿ; ಅವರ ಕಡೆ ಹೆಸರು ಕಲ್ಲಿಗೆ ಏರೋದು ಸತ್ತ ಮ್ಯಾಲ. "ನಾ ಇನ್ನೂ ಬದುಕೇನಿ" ಅಂದ್ರು, ಸಮಾಧಾನದಿಂದ. ಆ ಸಮಾಧಾನನ ಚುಚ್ಚತೈತಿ.

ಕೆನಡಾದ ವ್ಯಾಂಕೂವರಿನ ಚಾನ್ ಮಾತ್ರ ಅದನ್ನ ಅಂಗಡ್ಯಾಗ ಹಚ್ಚಿ ನಕ್ಕೊಂತ ಫೋಟೋ ಕಳಿಸ್ಯಾರ. ಚೀನಾದೊಳಗಿನ ಶಿಯಾಮೆನ್‌ದವರು ಉತ್ತರನ ಕೊಟ್ಟಿಲ್ಲ. ಚೀನಾದವರಂದ್ರ ಎಲ್ಲಾರೂ ಒಂದ ಅಂದ್ಕೊಂಡಿದ್ದೆ. ನಮ್ಮನ್ನ ಯಾರರ ಹಂಗ ಅಂದ್ಕೊಂಡಿದ್ರ ನಾ ಸುಮ್ಮನಿರ್ತಿದ್ನೇನು.

ಇದನ್ನ ನೆವ ಮಾಡಿ ರಾಜೀನಾಮಿ ಬರದೆ. ಬಾಗಲಕೋಟಿ ಸಾಲ್ಯಾಗ ಟೀಚರ್ ಕೆಲಸ ಸಿಕ್ಕೈತಿ, ಜೂನಿಗೆ ಹೋಗಬೇಕು. ಮಾಲಕರು ಅಮಾತೆಪ್ಪನವರು ಹಾಳಿ ಮಡಚಿ ಕಿಸೆದಾಗ ಇಟಗೊಂಡ್ರು. "ತಪ್ಪು ಮಾಡಿ ಕಲತಾಕಿ ನೀ ಒಬ್ಬಾಕಿನ. ನಿನ್ನ ಬಿಟ್ರ ಅವರ ಜೋಡಿ ಮಾತಾಡೋರು ಯಾರವ್ವಾ?"

ಸಂಜೀಕ ನೋಡಿದ್ರ ನನ್ನ ಟೇಬಲ್ ಮ್ಯಾಲ ಮಾಲಕರು ನನ್ನ ಹೆಸರು ಕೊರಿಸಿ ಇಡಿಸಿದ ಇನ್ನೊಂದು ಕೆಂಪು ಕಲ್ಲು: 'ಮಹೇಶ್ವರಿ, ಚೀನಾ ವಿಭಾಗ'. ಸರಸಾಕ ಹೋದೆ. ನನ್ನೊಬ್ಬಾಕಿ ಕೈಲೆ ಅಳಗ್ಯಾಡಲಿಲ್ಲ.